ಮುಟ್ಟದೆ ಹಾಡುವ ಪೇಟಿ

ಶಾಂತಲಿಂಗಪ್ಪನ ಪೇಟಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಹಾಗೆ ನೋಡಿದರೆ ಅವನೂ ಅದನ್ನು ಮುಟ್ಟುತ್ತಿರಲಿಲ್ಲ. ನಂಬದವರು ಬೇಕಾದರೆ ನಂಬದಿರಲಿ. ಬಾರ್ಶಿ, ಲಾತೂರು, ಇಂಡಿ, ಆಳಂದ ಎಂದು ಊರೂರಿಗೆ ಟೆಂಪೋದಲ್ಲಿ ಕುಲುಕಾಡುತ್ತ ಹೋದ ಆ ಕಟ್ಟಿಗೆಯ ಪೆಟ್ಟಿಗೆಯನ್ನು ಕಣ್ಣಾರೆ ಕಂಡವರು ಬೇಕಾದಷ್ಟು ಜನ ಇದ್ದಾರೆ. ಪೆಟ್ಟಿಗೆಯ ಒಳಗೆ ಹಳೆಯ ರೇಡಿಯೋಗಳಿಂದ ಬಿಚ್ಚಿದ ವಾಲ್ವುಗಳು. ಬಲಗಡೆಗೆ ಮೊಳದುದ್ದದ ಹಿತ್ತಾಳೆಯ ಸಲಾಕೆ. ಸಲಾಕೆಯ ಹತ್ತಿರ ಕೈ ತಂದರೆ ಸ್ವರ ಮೇಲೇರುತ್ತಿತ್ತು, ದೂರ ಸರಿಸಿದರೆ ಕೆಳಗಿಳಿಯುತ್ತಿತ್ತು. ಕಾಲ ಬಳಿ ಒಂದು ಪೆಡಲು. ಒತ್ತಿದರೆ ದನಿ ಕೇಳುತ್ತಿತ್ತು, ಬಿಟ್ಟರೆ ಅಡಗುತ್ತಿತ್ತು. ಕೈಗೂ ಸಲಾಕೆಗೂ ನಡುವೆ ಇದ್ದದ್ದು ಬರೀ ಗಾಳಿ. ಜನ ಅದಕ್ಕೆ ಹವಾಪೇಟಿ ಎಂದು ಹೆಸರಿಟ್ಟಿದ್ದರು.

ಅವನ ಅಪ್ಪನದು ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ಚಾದರದ ಅಂಗಡಿ. ಮಗ ಗಾದಿಯ ಮೇಲೆ ಕೂತು ಚಾದರ ಬಿಚ್ಚಿ ತೋರಿಸಬೇಕು, ಗಿರಾಕಿಗೆ ಚಹಾ ತರಿಸಬೇಕು, ಇಷ್ಟೇ ಅಪ್ಪನ ಆಸೆ. ಮಗನೋ ಎದುರುಗಡೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಠಿಕಾಣಿ ಹೂಡಿದ. ಅಲ್ಲಿ ಒಂದು ದಿನ ಹೊಟ್ಟೆ ಬಿಚ್ಚಿಟ್ಟ ಹಳೆಯ ರೇಡಿಯೋ ಒಂದು ಸಿಳ್ಳೆ ಹೊಡೆಯತೊಡಗಿತು. ಬಂದ್ ಮಾಡಲೆಂದು ಕೈ ಚಾಚಿದರೆ ಸಿಳ್ಳೆ ಏರಿತು, ಕೈ ಹಿಂದೆ ತೆಗೆದರೆ ಇಳಿಯಿತು. ಮತ್ತೆ ಚಾಚಿದ, ಮತ್ತೆ ಏರಿತು. ಕಣ್ಣಿಗೆ ಕಾಣದ ಯಾರೋ ಗಾಳಿಯಲ್ಲಿ ಕೂತು ತನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವನ ಮೈ ಜುಮ್ಮೆಂದಿತು. ಆ ಸಿಳ್ಳೆಯ ಬೆನ್ನು ಹತ್ತಿಯೇ ಅವನು ಪೇಟಿ ಕಟ್ಟಿದ. ಆ ಜುಮ್ಮೆನ್ನುವುದು ಆಮೇಲೂ ನಿಲ್ಲಲಿಲ್ಲ. ಎಷ್ಟೋ ಊರುಗಳಲ್ಲಿ ನುಡಿಸಿದ ಮೇಲೂ, ಪ್ರತಿ ಸಲ ಮೊದಲ ಸ್ವರ ಗಾಳಿಯಿಂದ ಹುಟ್ಟಿ ಬಂದಾಗ ಅವನೇ ಮೊದಲು ಬೆರಗಾಗುತ್ತಿದ್ದ.

ಕಲ್ಲಣ್ಣನ ಆರ್ಕೆಸ್ಟ್ರಾದಲ್ಲಿ ಅವನಿಗೆ ಜಾಗ ಸಿಕ್ಕಿತು. ಸಿನಿಮಾ ಹಾಡುಗಳ ನಡುವೆ ಸ್ವಲ್ಪ ಹೊತ್ತು ಹವಾಪೇಟಿ. ಟೆಂಪೋದಲ್ಲಿ ಸ್ಪೀಕರುಗಳ ಸಂದಿಯಲ್ಲಿ ನಿದ್ದೆ, ಕಡಕ ಭಕ್ಕರಿ, ಶೇಂಗಾ ಚಟ್ನಿ. ಊರು ಬದಲಾದರೆ ಪೇಟಿಯ ಸ್ವಭಾವವೂ ಬದಲಾಗುತ್ತಿತ್ತು. ಬಿಸಿಲಿಗೆ ಒಂದು ರೀತಿ, ಚಳಿಗೆ ಇನ್ನೊಂದು. ಮಗ್ಗಗಳ ಊರಿನಲ್ಲಂತೂ ಕರೆಂಟು ಏರಿಳಿದು ಅದು ಮೊಂಡು ಹಿಡಿಯುತ್ತಿತ್ತು. ನುಡಿಸುವವನು ಕಂಬದಂತೆ ನಿಂತಿರಬೇಕು. ಸೊಂಟ ಸ್ವಲ್ಪ ವಾಲಿದರೂ ಸ್ವರ ಕೆಡುತ್ತಿತ್ತು. ನೆಗಡಿಯಾದ ದಿನ ಶಾಂತಲಿಂಗಪ್ಪನ ಪಾಡು ನಾಯಿಪಾಡು.

ಎಲ್ಲಕ್ಕಿಂತ ದೊಡ್ಡ ಪೀಡೆ ಸತ್ಕಾರದ್ದು. ನಮ್ಮ ಕಡೆಯ ಜನಕ್ಕೆ ಖುಷಿಯಾದರೆ ಕೂತಲ್ಲಿ ಕೂಡಲಾಗುವುದಿಲ್ಲ. ಹಾಡು ನಡೆದಿರುವಾಗಲೇ ಎದ್ದು ಸ್ಟೇಜಿಗೆ ಬಂದು ಹೆಗಲಿಗೆ ಟಾವೆಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಫೋಟೋದವನ ಕಡೆ ತಿರುಗಿ ನಿಂತರೇನೇ ಸಮಾಧಾನ. ಬಾರ್ಶಿಯಲ್ಲಿ ಒಬ್ಬ ಅಡತಿ ಅಂಗಡಿಯ ಸಾಹುಕಾರ ಹಾಗೆ ಟಾವೆಲ್ ಹಿಡಿದು ಬಂದದ್ದೇ ತಡ, ಹವಾಪೇಟಿ ಬಾಲ ತುಳಿದ ಬೆಕ್ಕಿನಂತೆ ಕಿರುಚಿತು. ಮನುಷ್ಯನ ಮೈ ಯಾರದಾದರೇನು, ಹತ್ತಿರ ಬಂದರೆ ಅದು ಏರುವುದೇ. ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಸ್ಟೇಜಿನ ಮುಂದುಗಡೆ ಸುಣ್ಣದ ಗೆರೆ ಎಳೆದು, ಕಲ್ಲಣ್ಣ ಮೈಕಿನಲ್ಲಿ ಎಚ್ಚರಿಸುವುದು ರೂಢಿಯಾಯಿತು.

ಇಷ್ಟೆಲ್ಲ ಊರು ಸುತ್ತಿದರೂ ಅವನ ಮನಸ್ಸು ಕಾಯುತ್ತಿದ್ದುದು ಒಬ್ಬಳೇ ಹೆಂಗಸನ್ನು. ಅವಳು ಅಕ್ಕಲಕೋಟೆಯ ಕಸ್ತೂರಬಾಯಿ, ಅವನ ಅಪ್ಪನ ಅಕ್ಕ. ತಾಯಿ ತೀರಿಕೊಂಡ ಮೇಲೆ ಶಾಂತಲಿಂಗಪ್ಪ ಬೆಳೆದದ್ದು ಈ ಸೋದರತ್ತೆಯ ಮಡಿಲಲ್ಲಿ. ಇಳಿಹೊತ್ತಿಗೆ ಜೋಳ ಹಸನು ಮಾಡುತ್ತ ಅವಳು ಭೀಮಪಲಾಸಿಯಲ್ಲಿ ಪದ ಹಾಡುತ್ತಿದ್ದಳು. ಒಂದು ಕೈ ಮೊರದ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ ಸ್ವರ ಎಳೆಯುತ್ತ. ಮಡಿಲಲ್ಲಿ ತಲೆಯಿಟ್ಟು ಮಲಗಿದ ಹುಡುಗನಿಗೆ ಅವಳ ಹೊಟ್ಟೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಲ್ಲವೂ ಗೊತ್ತಾಗುತ್ತಿತ್ತು. ಅವನೂ ದನಿಗೂಡಿಸಿದರೆ ತಲೆಗೆ ಮೊಟಕಿ ತಿದ್ದುತ್ತಿದ್ದಳು.

"ಗಂಧಾರಕ್ಕ ಹಂಗ ನೆಟ್ಟಗ ಹೋಗಬ್ಯಾಡಲೋ ಶಾಂತ್ಯಾ. ಮದ್ಲ ಮಧ್ಯಮದ ಮನಿಗಿ ಹೋಗು, ಅಲ್ಲಿ ಮಾತಾಡ್ಸಿ ಆಮ್ಯಾಲ ಇಳದು ಬಾ."

ಆಮೇಲೆ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಮಾತಾಡಿದರೆ ಒಣಗಿದ ಎಲೆ ಸರಿದಷ್ಟು ಪಿಸುಗುಟ್ಟುವಿಕೆ ಮಾತ್ರ. ಅಂದಿನಿಂದ ಆ ಮನೆಯಲ್ಲಿ ಹಾಡು ಇಲ್ಲ, ರೇಡಿಯೋ ಇಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವಾಗಿನ ಹಾಡಿಗೆ ಓಣಿಯ ಹೆಂಗಸರು ಅವಳನ್ನು ಕರೆಯುವುದನ್ನೂ ಬಿಟ್ಟರು. ಕರೆದರೆ ನೋವಾದೀತು ಎಂದು ಅವರು ಸುಮ್ಮನಾದರು. ಕರೆಯದ್ದಕ್ಕೆ ಅವಳಿಗೆ ಇನ್ನೂ ನೋವಾಯಿತು.

ಪೇಟಿ ತಯಾರಾದ ಹೊಸತರಲ್ಲಿ ಶಾಂತಲಿಂಗಪ್ಪ ಅದನ್ನು ಅತ್ತೆಯ ಮನೆಗೇ ಹೊತ್ತುಕೊಂಡು ಹೋಗಿ ನುಡಿಸಿ ತೋರಿಸಿದ್ದ. ಆಗ ಅದಕ್ಕೆ ಪೆಡಲು ಇರಲಿಲ್ಲ. ಒಮ್ಮೆ ಶುರುವಾದರೆ ದನಿ ಕೊನೆಯವರೆಗೆ ಎಡೆಬಿಡದೆ ಹರಿಯುತ್ತಿತ್ತು. ಅತ್ತೆ ಬಾಗಿಲಿಗೆ ಒರಗಿ ಕೇಳಿದಳು.

"ಸ್ವರ ಅದಾವ," ಎಂದು ಪಿಸುಗುಟ್ಟಿದಳು. "ಆದ್ರ ಇದು ಉಸಿರ ತಗೊಳ್ಳಂಗಿಲ್ಲಲೋ. ಉಸಿರ ಇಲ್ಲದ್ದು ಹಾಡ ಹೆಂಗ ಆಗತದ?"

ಅಷ್ಟು ಹೇಳಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವನು ಸೊಲ್ಲಾಪುರಕ್ಕೆ ಬಂದು ಪೇಟಿಗೆ ಪೆಡಲು ಕೂಡಿಸಿದ, ಅಲ್ಲಲ್ಲಿ ದನಿ ನಿಲ್ಲಿಸಿ ಎತ್ತಿಕೊಳ್ಳುವುದನ್ನು ಕಲಿತ. ಎಷ್ಟು ಸಲ ಕರೆದರೂ ಅತ್ತೆ ಕೇಳಲು ಬರಲಿಲ್ಲ. ಅವಳ ಆ ಮಾತು ಮಾತ್ರ ಮುಳ್ಳಿನಂತೆ ಅವನೊಳಗೆ ಉಳಿಯಿತು. ಜನ ಚಪ್ಪಾಳೆ ತಟ್ಟಿದಷ್ಟೂ ಅದು ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ಅಕ್ಕಲಕೋಟೆಯಿಂದಲೇ ಕರೆ ಬಂತು. ಎಪ್ಪತ್ನಾಲ್ಕರ ಫೆಬ್ರವರಿ. ಸಂಜೆಯಾದರೆ ಲೈಟು ಕೈಕೊಡುವ ಕಾಲ, ಅದಕ್ಕೇ ಕಾರ್ಯಕ್ರಮ ಇಳಿಹೊತ್ತಿಗೆ, ಮಾರ್ಕೆಟ್ ಯಾರ್ಡಿನ ತಗಡಿನ ಶೆಡ್ಡಿನಲ್ಲಿ. ಟೆಂಪೋದಿಂದ ಪೇಟಿ ಇಳಿಸುತ್ತ ಶಾಂತಲಿಂಗಪ್ಪ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟ.

"ಕಲ್ಲಣ್ಣಾ, ಇವತ್ತ ನಮ್ಮ ಅತ್ತಿ ಬಂದು ಕೇಳಿ, ಇದು ಹಾಡು ಅನ್ನಲಿಲ್ಲಂದ್ರ ನಾ ನಾಳಿಂದ ಅಪ್ಪನ ಗಾದಿ ಮ್ಯಾಲ ಕೂಡಾಂವ. ಪೇಟಿ ಬಿಚ್ಚಿ ರೇಡಿಯೋದವರಿಗಿ ಕೊಟ್ಟಬಿಡ್ತೀನಿ."

"ಊರಿಗೂರ ಒಪ್ಪ್ಯಾದ. ನಿಮ್ಮ ಅತ್ತಿ ಒಬ್ಬಾಕಿ ಒಪ್ಪದಿದ್ರ ಏನ್ ಗಂಟ ಹೋತು?" ಎಂದ ಕಲ್ಲಣ್ಣ.

"ಉಳದವ್ರು ಪೇಟಿ ನೋಡ್ತಾರ. ಅಕಿ ಒಬ್ಬಾಕಿ ಹಾಡ ಕೇಳ್ತಾಳ," ಎಂದ ಶಾಂತಲಿಂಗಪ್ಪ. ಕಲ್ಲಣ್ಣ ಅವನ ಮುಖ ನೋಡಿ, ಪೇಟಿಯ ಇನ್ನೊಂದು ತುದಿಗೆ ಕೈ ಹಾಕಿದ.

ಶೆಡ್ಡು ತುಂಬಿತು. ಜೋಳದ ಚೀಲಗಳ ಮೇಲೂ ಜನ. ಕಲ್ಲಣ್ಣ ಮೈಕು ಹಿಡಿದು, "ಕುಣೀ ಪುಢೇ ಯೇಊ ನಕಾ! ಯಾರೂ ಗೆರಿ ದಾಟಿ ಮುಂದ ಬರಬ್ಯಾಡ್ರಿ! ಸತ್ಕಾರ ಎಲ್ಲಾ ಆಖೇರಿಗಿ!" ಎಂದು ಮರಾಠಿ, ಕನ್ನಡ ಎರಡರಲ್ಲೂ ಕೂಗಿದ. ಹೆಂಗಸರು ಕೂತ ಕಡೆ ಶಾಂತಲಿಂಗಪ್ಪ ಕಣ್ಣಾಡಿಸಿದ. ಓಣಿಯ ಮುದುಕಿ ಸೋಮವ್ವ ಇದ್ದಳು, ಅತ್ತೆ ಇರಲಿಲ್ಲ. ಆದರೂ ಪೆಡಲಿನ ಮೇಲೆ ಕಾಲಿಟ್ಟು, ಸಲಾಕೆಯ ಕಡೆ ಕೈ ಎತ್ತಿ, ಅತ್ತೆಯದೇ ಭೀಮಪಲಾಸಿ ಶುರು ಮಾಡಿದ.

ಗಾಳಿಯಿಂದ ದನಿ ಎದ್ದು ಬಂತು. ಶೆಡ್ಡಿನಲ್ಲಿ ಗುಸುಗುಸು ನಿಂತಿತು. ರುಮಾಲಿನ ರೈತನೊಬ್ಬ ಯಾರಿಗೆ ಎಂದು ತಿಳಿಯದೆಯೇ ಕೈ ಮುಗಿದ. ಎಲ್ಲ ಸರಿಯಾಗಿ ನಡೆದಿತ್ತು. ಅಷ್ಟರಲ್ಲಿ ಅವನು ಕೈ ಅಲುಗಿಸದಿದ್ದರೂ ಸ್ವರ ತಾನಾಗಿಯೇ ಮೇಲೇರತೊಡಗಿತು. ಕರೆಂಟಿನ ಆಟ ಎಂದುಕೊಂಡು ಕೈ ಹಿಂದೆ ಸರಿಸಿದ. ಅದು ಇನ್ನೂ ಏರಿ ಕೀರಲಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಸಿಟ್ಟಿನಿಂದ ಬಲಕ್ಕೆ ಕಣ್ಣು ಹೊರಳಿಸಿದ.

ಸಲಾಕೆಯ ಆಚೆ ಅತ್ತೆ ನಿಂತಿದ್ದಳು. ಎಡಗೈ ಮೇಲೆ ಮಡಿಚಿದ ಟಾವೆಲ್.

ನಡೆದದ್ದು ಇಷ್ಟು. ಊರಿನ ಪಂಚರು, ಹುಡುಗ ನಮ್ಮವನೇ, ಹಿರಿಯಳಾದ ನೀನೇ ಸತ್ಕಾರ ಮಾಡಬೇಕು ಎಂದು ಮನೆಗೆ ಹೋಗಿ ಅವಳನ್ನು ಎಬ್ಬಿಸಿಕೊಂಡು ಬಂದಿದ್ದರು. ತಡವಾದ್ದರಿಂದ ಕಲ್ಲಣ್ಣನ ಕೂಗು ಅವರ ಕಿವಿಗೆ ಬಿದ್ದಿರಲಿಲ್ಲ. ಸುಣ್ಣದ ಗೆರೆ ಇದ್ದದ್ದು ಮುಂದುಗಡೆ, ಅವಳನ್ನು ಹತ್ತಿಸಿದ್ದು ಹಿಂದಿನ ಮೆಟ್ಟಿಲಿನಿಂದ. ಬಂದೆ ಎಂದು ಕೂಗಿ ಹೇಳಲು ಅವಳಿಗೆ ದನಿಯೇ ಇರಲಿಲ್ಲ.

ಪೇಟಿ ಕಿರುಚಿದ್ದಕ್ಕೆ ಬೆದರಿ ಅವಳು ಚಾಚಿದ್ದ ಬಲಗೈಯನ್ನು ಹಿಂದಕ್ಕೆ ತೆಗೆದಳು. ದನಿಯೂ ಅದರ ಜೊತೆಗೆ ಇಳಿಯಿತು. ಅವಳು ನಿಂತುಬಿಟ್ಟಳು. ತನ್ನ ಕೈಯನ್ನೇ ನೋಡಿಕೊಂಡಳು. ಬೆರಳು ಸ್ವಲ್ಪ ಮುಂದಿಟ್ಟಳು. ದನಿ ಸ್ವಲ್ಪ ಏರಿತು.

ಕಲ್ಲಣ್ಣ ಅವಳನ್ನು ಆಚೆ ಕರೆದೊಯ್ಯಲು ಓಡಿ ಬಂದ. ಶಾಂತಲಿಂಗಪ್ಪ ಕಣ್ಣಲ್ಲೇ ಅವನನ್ನು ತಡೆದ. ಆಮೇಲೆ ತನ್ನ ಕೈಯನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಕಟ್ಟಿ, ಪೆಡಲು ಒತ್ತಿದ್ದ ಕಾಲನ್ನು ಮಾತ್ರ ಹಾಗೆಯೇ ಇಟ್ಟು, ಮೈಯೆಲ್ಲ ಕಲ್ಲು ಮಾಡಿ ನಿಂತ.

ಅತ್ತೆಗೆ ಷಡ್ಜ ಒಮ್ಮೆಗೇ ಸಿಗಲಿಲ್ಲ. ಕೈ ದಾಟಿ ಹೋಯಿತು, ಹಿಂದೆ ಬಂತು, ಮತ್ತೆ ತಪ್ಪಿತು. ಅವಳ ಹುಬ್ಬು ಗಂಟಿಕ್ಕಿತು. ಮಡಿಲಲ್ಲಿದ್ದ ಹುಡುಗ ತಪ್ಪಿದಾಗ ಗಂಟಿಕ್ಕುತ್ತಿದ್ದ ಹಾಗೆಯೇ. ಗಂಟಲು ಹೋದರೂ ಕಿವಿ ಎಲ್ಲಿಗೆ ಹೋದೀತು? ಕೈ ಹುಡುಕುತ್ತ ಹುಡುಕುತ್ತ ಬಂದು ಒಂದು ಜಾಗದಲ್ಲಿ ನಿಂತಿತು, ಸ್ವರವೂ ನಿಂತಿತು. ಅವಳು ಕಣ್ಣು ಮುಚ್ಚಿದಳು. ಮಂದ್ರದ ನಿಷಾದಕ್ಕೆ ಇಳಿದು ಷಡ್ಜಕ್ಕೆ ಬಂದಳು. ಅಲ್ಲಿಂದ ಮಧ್ಯಮಕ್ಕೆ. ಜೋಳದ ಮೊರದ ಮೇಲೆ ಆಡುತ್ತಿದ್ದ ಆ ಕೈ ಏನನ್ನೂ ಮರೆತಿರಲಿಲ್ಲ. ಮಧ್ಯಮದ ಮನೆಯಲ್ಲಿ ಒಂದಿಷ್ಟು ನಿಂತು, ಮಾತಾಡಿಸಿ, ಆಮೇಲೆ ಗಂಧಾರಕ್ಕೆ ಇಳಿದಳು.

ಇಷ್ಟು ವರ್ಷ ಇವನು ಗಂಧಾರಕ್ಕೆ ನೆಟ್ಟಗೆ ಹೋಗುತ್ತಿದ್ದ. ತನ್ನದೇ ಪೇಟಿಯಲ್ಲಿ ಆ ಸ್ವರ ಇತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡರೆ ಸ್ವರ ಕೆಡುತ್ತದೆ, ಒರೆಸಿಕೊಳ್ಳಲಿಲ್ಲ. ಅವಳಿಗೆ ಉಸಿರು ಬೇಕಾದ ಜಾಗಗಳು ಅವನಿಗೆ ಗೊತ್ತಿದ್ದವು. ಮಡಿಲಲ್ಲಿ ಮಲಗಿ ಕಲಿತದ್ದು. ಅಲ್ಲಲ್ಲಿ ಪೆಡಲಿನಿಂದ ಕಾಲು ಎತ್ತಿದ, ಮತ್ತೆ ಒತ್ತಿದ. ಅತ್ತೆಯ ಕೈ ಹಾಡುತ್ತಿತ್ತು, ಇವನ ಕಾಲು ಅವಳಿಗೆ ಉಸಿರು ಕೊಡುತ್ತಿತ್ತು.

ಹಾಡು ಪೂರ್ತಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಲ್ಲಿ ತುಂಡಾಯಿತು, ಒಂದೆರಡು ಕಡೆ ಹಾದಿಯೂ ತಪ್ಪಿತು. ಯಾರೂ ನಗಲಿಲ್ಲ. ತಗಡಿನ ಕೆಳಗೆ ಗುಬ್ಬಿಗಳ ಸದ್ದೂ ಕೇಳುವಷ್ಟು ಶೆಡ್ಡು ಮೌನವಾಗಿತ್ತು. ಸೋಮವ್ವ ಕೂತಲ್ಲಿಂದ ಎದ್ದು, ಎದೆಯ ಮೇಲೆ ಕೈಯಿಟ್ಟುಕೊಂಡು, ಪಕ್ಕದವಳಿಗೆ ಹೇಳುವಂತೆ ಊರಿಗೇ ಹೇಳಿದಳು:

"ಅಯ್ಯ ಶಿವನ! ಕಸ್ತೂರಬಾಯಿ ಹಾಡಾಕತ್ಯಾಳ!"

ಪೇಟಿಯನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಹಾಡು ಕೇಳುತ್ತಿದ್ದರು.

ಕೈ ಷಡ್ಜಕ್ಕೆ ಬಂದು ತಂಗಿತು. ಶಾಂತಲಿಂಗಪ್ಪ ಮೆಲ್ಲಗೆ ಕಾಲೆತ್ತಿದ. ದನಿ ಅಡಗಿತು. ಚಪ್ಪಾಳೆ ತಟ್ಟುವುದು ಯಾರಿಗೂ ನೆನಪಾಗಲಿಲ್ಲ. ಅತ್ತೆ ಕಣ್ಣು ತೆರೆದು, ನಾಲ್ಕು ಹೆಜ್ಜೆ ನಡೆದು ಬಂದು, ಅವನ ಕಿವಿಯ ಹತ್ತಿರ ಬಾಯಿ ತಂದಳು.

"ಎರಡನೇ ನುಡಿಯಾಗ ಉಸಿರ ಭಾಳ ಜಲ್ದಿ ತಗೊಂಡಿ," ಎಂದು ಪಿಸುಗುಟ್ಟಿದಳು.

"ತಪ್ಪಾತ ಅತ್ತಿ," ಎಂದ ಶಾಂತಲಿಂಗಪ್ಪ. ಅಳುವುದೋ ನಗುವುದೋ ಅವನಿಗೇ ತಿಳಿಯದಾಯಿತು.

ಅವಳು ಟಾವೆಲನ್ನು ಅವನ ಹೆಗಲಿಗೆ ಹಾಕಲಿಲ್ಲ. ಹತ್ತಿರ ನಿಂತಿದ್ದ ಕಲ್ಲಣ್ಣನ ಕೈಗೆ ತುರುಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಲಾಕೆಯ ಆಚೆ ಮತ್ತೆ ತನ್ನ ಜಾಗದಲ್ಲಿ ಹೋಗಿ ನಿಂತಳು.

"ಹೂಂ, ಕಾಲ ಇಡು," ಎಂದು ತುಟಿ ಅಲುಗಿಸಿ ಕೈ ಎತ್ತಿದಳು.