ಕಾಕಾ ಅಂದದ್ದಕ್ಕೆ

ಭಾಮಾ ತಮಗೆ ಮನೆಮಗಳಿದ್ದಂತೆ ಎಂದು ಪ್ರಲ್ಹಾದರಾಯರು ಹತ್ತು ಮಂದಿಯ ಮುಂದೆ ಹೇಳುತ್ತಿದ್ದರು. ಧಾರವಾಡದಿಂದ ಪುಣೆಗೆ ಬಂದು ಹಡಪಸರದಲ್ಲಿ ಸೀರೆ ಅಂಗಡಿ ಹಾಕಿ ದೊಡ್ಡವರಾದವರು ಅವರು. ಆ ಅಂಗಡಿಯಲ್ಲಿ ಭಾಮಾ ಆರು ವರ್ಷ ಬಿಲ್ಲು ಬರೆದಳು, ಗಿರಾಕಿಗಳ ಮುಂದೆ ಸೀರೆ ಬಿಡಿಸಿ ಮಡಚಿ ಸೊಂಟ ಹಿಡಿಸಿಕೊಂಡಳು. ಅವರನ್ನು ಸ್ವಂತ ಚಿಕ್ಕಪ್ಪನಂತೆ ಬಾಯಿ ತುಂಬ ಕಾಕಾ ಅಂದಳು. ಪಂಚಮಿ ಬಂತೆಂದರೆ ರಾಯರು ಉಡಿ ತುಂಬಿಸಿ ಕುಪ್ಪಸದ ಖಣ ಕೊಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರು ಹತ್ತಲಿಲ್ಲ.

"ಮನಿ ಮಂದಿಗೆ ಸಹಿ ಯಾಕವಾ?" ಅನ್ನುತ್ತಿದ್ದರು. ಈ ಪುಣ್ಯಾತ್ಗಿತ್ತಿ ಅದನ್ನು ಕೇಳಿ ಹಿಗ್ಗುತ್ತಿದ್ದಳು! ಒಂದು ಖಣದಲ್ಲಿ ಮನುಷ್ಯರನ್ನು ಕೊಂಡುಕೊಳ್ಳುವುದು ಹೇಗೆಂದು ಈ ದೊಡ್ಡವರನ್ನೇ ಕೇಳಬೇಕು.

ಮಗರಪಟ್ಟಾದಲ್ಲಿ ರಾಯರ ಗಾಜಿನ ಬಾಗಿಲಿನ ಎರಡನೇ ಅಂಗಡಿ ಎದ್ದಿತು. ಅದರ ಖರ್ಚಿನ ನೆಪದಲ್ಲಿ ಭಾಮಾನ ಪಗಾರ ನಿಂತಿತು. ಗಂಡನ ಫ್ಯಾಕ್ಟರಿ ಮುಚ್ಚಿ ಅವಳ ದುಡಿಮೆಯ ಮೇಲೆಯೇ ಒಲೆ ಉರಿಯುತ್ತಿದ್ದ ಕಾಲ ಅದು. ಕೇಳಿದರೆ ರಾಯರು ಮೊದಲು ದೀಪಾವಳಿ ಆಗಲಿ ಅಂದರು, ಆಮೇಲೆ ಲಗ್ನದ ಸೀಜನ್ ಆಗಲಿ ಅಂದರು. ಕೊನೆಗೊಮ್ಮೆ ಗಟ್ಟಿಯಾಗಿ ಕೇಳಿದಾಗ, "ಮಗಳಾಗಿ ಹಿಂಗ ಕೇಳ್ಲಿಕ್ಕೆ ನಾಚಿಕಿ ಬರೂದಿಲ್ಲೇನ?" ಎಂದು ಅಂಗಡಿಯಿಂದಲೇ ಹೊರಗೆ ಹಾಕಿದರು.

ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡುವ ಪಕ್ಕದ ಮನೆಯ ರೇಣು ದಾರಿ ಹೇಳಿಕೊಟ್ಟಳು. "ನೋಟಿಸಿಗೆಲ್ಲಾ ಅವರು ಅಂಜೂದಿಲ್ಲ. ಲೇಬರ್ ಆಫೀಸಿಗೆ ಅರ್ಜಿ ಹಾಕು. ಅಲ್ಲಿ ಬಗೀಹರೀಲಿಲ್ಲಂದ್ರ ಕೋರ್ಟು. ಆದ್ರ ವರ್ಷದೊಳಗ ಹಾಕಬೇಕು. ಅವರು ಮುಂದ ಮುಂದ ಹಾಕಿದ್ದು ಅದಕ್ಕ, ತಿಳೀತಿಲ್ಲೊ?"

ಆಗ ತಿಳಿಯಿತು. ಭಾಮಾ ಆ ರಾತ್ರಿ ಹಲ್ಲು ಕಡಿದುಕೊಂಡು ಮಲಗಿದಳು, ಬೆಳಗಾದ ಕೂಡಲೇ ಲೇಬರ್ ಆಫೀಸಿಗೆ ಹೋಗಿ ಅರ್ಜಿ ಹಾಕಿದಳು.

ವಿಚಾರಣೆಯ ದಿನ ರಾಯರು ಮಗ ಪ್ರಣವನನ್ನು ಕರೆದುಕೊಂಡು ಬಂದರು. ಅಧಿಕಾರಿ ರಂಜನಾಬಾಯಿ ಮರಾಠಿಯವರು. ಅರ್ಜಿ ಓದಿ, ರಾಯರ ಕಡೆ ಬೆರಳು ತೋರಿಸಿ, ಇವರು ಯಾರು ಎಂದು ಭಾಮಾನನ್ನು ಕೇಳಿದರು.

"ಕಾಕಾ," ಅಂದುಬಿಟ್ಟಳು ಭಾಮಾ. ಆರು ವರ್ಷದ ರೂಢಿ, ನಾಲಿಗೆ ಕೇಳಬೇಕಲ್ಲ!

ರಂಜನಾಬಾಯಿಯ ಪೆನ್ನು ನಿಂತಿತು. ರಾಯರು ಆ ಮಾತನ್ನು ಗಬಕ್ಕನೆ ಹಿಡಿದುಕೊಂಡರು. "ನೋಡ್ರಿ ಬಾಯಿ, ಆಕಿ ನಾಲಿಗಿಂದನ ಬಂತು," ಎಂದು ಮರಾಠಿಯಲ್ಲಿ ಸುರು ಮಾಡಿದರು. "ಮನಿ ಮಗಳು. ಬ್ಯಾಸರಿಕಿ ಕಳೀಲಿಕ್ಕೆ ಅಂಗಡಿಗೆ ಬಂದು ಕೂಡತಿದ್ಲು. ಮಗಳಿಗೆ ಯಾರರೆ ಪಗಾರ ಕೊಡ್ತಾರೇನ್ರಿ?"

ಬೇಸರಿಕೆ ಕಳೆಯಲಿಕ್ಕೆ! ಭಾಮಾನ ಕಿವಿ ಬಿಸಿಯಾದವು.

"ಇವರು ನಿಮ್ಮ ಮಾಲಕರು ಅನ್ನೋದಕ್ಕೆ ಏನಾದರೂ ಪುರಾವೆ ಇದೆಯೇನಮ್ಮಾ?" ಎಂದರು ರಂಜನಾಬಾಯಿ. "ಸಂಬಂಧಿಕರು ಅಂತಾದರೆ ಈ ಅರ್ಜಿ ಇಲ್ಲಿಗೇ ಮುಗಿಯುತ್ತದೆ."

ಪುರಾವೆ ಎಲ್ಲಿಂದ ತರಬೇಕು? ಸಹಿ ಇಲ್ಲ, ಚೀಟಿ ಇಲ್ಲ, ಕೊಟ್ಟದ್ದೆಲ್ಲಾ ಕೈಯಿಂದ ಕೈಗೆ. ರಾಯರು ಆಗಲೇ ಟೊಪ್ಪಿಗೆ ಸರಿ ಮಾಡಿಕೊಂಡು ಏಳುವ ತಯಾರಿಯಲ್ಲಿದ್ದರು. ಅದನ್ನು ನೋಡಿ ಭಾಮಾನ ಪಿತ್ತ ನೆತ್ತಿಗೇರಿತು.

"ಹಂಗ ಬರ್ಕೊಳ್ರಿ ಬಾಯಿ," ಎಂದಳು. "ನಾ ಇವರ ಮಗಳು. ಇವರೇ ಹೇಳ್ಯಾರಂತ ಬರ್ದು ಇವರ ಸಹಿ ತಗೋರಿ. ಈಗ ಹೆಣ್ಮಕ್ಕಳಿಗೂ ಸಮಪಾಲು ಅಂತ ಕಾಯ್ದೆ ಆಗೇದಲ್ಲಾ? ಆ ಕಾಗದ ಹಿಡ್ಕೊಂಡು ನಾಳೇನ ಕೋರ್ಟಿಗೆ ಹೋಗ್ತೀನಿ. ಎರಡೂ ಅಂಗಡ್ಯಾಗ ನನ್ನ ಪಾಲು ನನಗ ಬೇಕು."

ಪ್ರಣವನಿಗೆ ಕುರ್ಚಿ ಚುಚ್ಚಿದಂತಾಯಿತು. ಸ್ವಂತ ತಂಗಿ ಮಂಜರಿ ಪಾಲು ಕೇಳಿ ಮನೆಯಲ್ಲಿ ಆಗಲೇ ಹೊಗೆ ಎದ್ದಿತ್ತು. ಈಗ ಇನ್ನೊಬ್ಬಳೇ? ಅಪ್ಪ ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಕೂಗಿದ.

"ಎಲ್ಲೀ ಮಗಳು? ಪಗಾರದ ಮ್ಯಾಲಿದ್ದಾಕಿ ಈಕಿ! ಆರು ವರ್ಷ ನಮ್ಮ ಗಲ್ಲಾದಿಂದ ಪಗಾರ ಎಣಿಸಿಕೊಂಡಾಳ!"

ಮಗ ಮರಾಠಿಯಲ್ಲೇ ಕೂಗಿದ್ದ, ಒಂದಕ್ಷರವೂ ಬಿಡದೆ ರಂಜನಾಬಾಯಿ ಬರೆದುಕೊಂಡರು. ಕಾಗದ ತಿರುಗಿಸಿ ಅವನ ಮುಂದಿಟ್ಟು ಸಹಿ ಮಾಡಲು ಹೇಳಿದರು. ಪ್ರಣವ ಅಪ್ಪನ ಮುಖ ನೋಡಿದ. ಅಪ್ಪ ಫ್ಯಾನು ನೋಡುತ್ತಿದ್ದರು. ಸಹಿ ಬಿತ್ತು.

ಹೊರಗೆ ಮೆಟ್ಟಿಲ ಮೇಲೆ ರಾಯರು ದನಿ ಮೆತ್ತಗೆ ಮಾಡಿದರು. "ಭಾಮಾ, ಕಾಕಾಗ ಹಿಂಗ ಮಾಡೋದೇನವಾ?"

"ಪಗಾರ ಯಾವಾಗ ಕೊಡ್ತೀರಿ, ಮಾಲಕ್ರ?" ಎಂದಳು ಭಾಮಾ.