ಹೊಡೆದರೆ ಅಳುವ ಟೀಚರಮ್ಮ

ನೀವು ಎಷ್ಟು ಫೈಟಿಂಗ್ ಬೇಕಾದರೂ ನೋಡಿರಬಹುದು, ಮುಂದಿನ ಸಾಲಿನಲ್ಲಿ ಕೂತು ಸೀಟಿ ಹೊಡೆದು ಗಂಟಲು ಕಟ್ಟಿಸಿಕೊಂಡಿರಬಹುದು. ಈ ಕಥೆಯಲ್ಲಿ ಆಗುವಂಥ ಹೊಡೆದಾಟ ಮಾತ್ರ ನಿಮ್ಮಪ್ಪನಾಣೆ ನೋಡಿಲ್ಲ. ಎಪ್ಪತ್ತು ಜನ ಒಂದು ಕಡೆ, ಒಬ್ಬನೇ ಒಬ್ಬ ಇನ್ನೊಂದು ಕಡೆ. ಉದುರಿದ ಹಲ್ಲು ಗುಡಿಸುವುದರಲ್ಲೇ ಎರಡು ಪೊರಕೆ ಸವೆದವು. ರಕ್ತ ಕಂಡರೆ ತಲೆ ತಿರುಗುವವರು ಈಗಲೇ ಎದ್ದು ಹೋಗಿ, ಬಾಗಿಲು ಆ ಕಡೆಗಿದೆ. ಕೂತವರಿಗೆ ಹೀರೋನ ಪರಿಚಯ ಮಾಡಿಸುತ್ತೇನೆ.

ಎಲ್ಲರೂ ಅವನನ್ನು ಕರೆಯುವುದು ಡೈಲಾಗು ಅಂತ. ಎದೆಯಳತೆ ಕೇಳಬೇಡಿ, ಬಾಯಳತೆ ಕೇಳಿ. ಬಸ್ಸಿನಲ್ಲಿ ಸೀಟು ಬೇಕಾದರೂ "ಅಣ್ಣಾ, ಈ ಸೀಟಿಗೊಂದು ಇತಿಹಾಸ ಇದೆ, ಆ ಇತಿಹಾಸದಲ್ಲಿ ನೀನು ನಿಂತ್ಕೊಂಡಿದ್ದೀಯ" ಎನ್ನುವ ಗಿರಾಕಿ. ಕೆಲಸ ಗೊಂಬೆ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಮುಂದೊಂದು ಅಂಗಡಿ, ಹಿಂದೊಂದು ಉದ್ದನೆಯ ತಗಡಿನ ಶೆಡ್ಡು. ರಬ್ಬರ್ ಬೇಯುವ ಕಬ್ಬಿಣದ ಅಚ್ಚು, ಬಣ್ಣದ ಡಬ್ಬಿಗಳು, ಗೋಡೆಯುದ್ದಕ್ಕೂ ಕಣ್ಣು ಬರೆಯದೆ ಇಟ್ಟ ತಲೆಗಳು. ಗೊಂಬೆಗಳಿಗೆ ದನಿ ಕೊಡುವುದು ಡೈಲಾಗುವಿನ ಕೆಲಸ. ನಾಯಿ, ಕಪ್ಪೆ, ರೈಲು, ಪೊಲೀಸ್ ಜೀಪು, ಎಲ್ಲ ಒಂದೇ ಗಂಟಲು. ನಿಮ್ಮ ಮನೆ ಮಂಚದ ಕೆಳಗೆ ಬಿದ್ದು ಬೊಗಳುತ್ತಲ್ಲ ನಾಯಿಮರಿ, ಅದೂ ಇವನೇ ಇದ್ದರೂ ಇರಬಹುದು.

ಯಜಮಾನರಿಗೆ ಅರವತ್ತು ದಾಟಿತ್ತು. ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು, ಆದರೆ ತಲೆ ಮಾತ್ರ ಓಡುತ್ತಿತ್ತು.

"ಲೋ ಡೈಲಾಗು, ಈ ಲೋಕದಲ್ಲಿ ಮಕ್ಕಳಿಗೆ ಯಾರನ್ನ ಕಂಡ್ರೆ ಹೊಡೀಬೇಕು ಅನ್ಸುತ್ತೆ ಹೇಳು."

"ನನ್ನನ್ನ, ಸಾರ್."

"ನಿನ್ನನ್ನ ಕಂಡ್ರೆ ದೊಡ್ಡೋರಿಗೂ ಅನ್ಸುತ್ತೆ. ಮಕ್ಕಳಿಗೆ ಟೀಚರ್‌ನ ಕಣೋ!"

ಹೀಗೆ ಹುಟ್ಟಿದಳು ಟೀಚರಮ್ಮ. ದುಂಡನೆಯ ಬುಡ, ಕನ್ನಡಕ, ತುರುಬು, ಕೈಯಲ್ಲೊಂದು ಬೆತ್ತ. ಹೊಡೆದರೆ ಬೀಳಬೇಕು, ಬಿದ್ದು ತಾನೇ ಏಳಬೇಕು, ಏಳುವಾಗ "ಅಯ್ಯೋ" ಅನ್ನಬೇಕು. ಡೈಲಾಗು ಹೆಣ್ಣು ದನಿಯಲ್ಲಿ ಮೂವತ್ತು ಥರ ಅಯ್ಯೋ ಅಂದ. ಯಜಮಾನರು ಮುಖ ಸಿಂಡರಿಸಿದರು.

"ಇದು ಏಟು ತಿಂದೋಳ ದನಿ ಅಲ್ಲ, ಜಿರಳೆ ಕಂಡೋಳ ದನಿ. ನಿಜವಾದ್ದು ತಗೊಂಡು ಬಾ."

ನಿಜವಾದದ್ದು ಎಲ್ಲಿ ಸಿಗುತ್ತದೆಂದು ಡೈಲಾಗುವಿಗೆ ಗೊತ್ತಿತ್ತು.

ಅವನಿದ್ದದ್ದು ಅಕ್ಕನ ಮನೆಯ ಹಿಂಬದಿ ಕೋಣೆಯಲ್ಲಿ. ನಡುವೆ ಒಂದಿಟ್ಟಿಗೆಯ ಗೋಡೆ. ಭಾವ ರಾತ್ರಿ ಪಾಳಿಯ ಬಸ್ ಡ್ರೈವರ್. ಬೆಳಿಗ್ಗೆ ಬಂದು ಸ್ನಾನ ಮಾಡಿ, ಊಟ ಮಾಡಿ, ಹತ್ತು ಗಂಟೆಗೆ ಮಗು ಮಲಗಿದ ಮೇಲೆ ಅಕ್ಕನಿಗೆ ಬಾರಿಸುತ್ತಿದ್ದ. ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಅಂಗಿಯ ಗುಂಡಿ, ಇನ್ನೊಂದು ದಿನ ಕಾರಣ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹೊಡೆದು ಮುಗಿಸಿ ಈ ಕಡೆ ಬಂದು "ಏನೋ ಬಾಮೈದ, ಹೊಸ ಡೈಲಾಗ್ ಬಿಡು" ಎಂದು ನಗುತ್ತಿದ್ದ. ಡೈಲಾಗು ಬಿಡುತ್ತಿದ್ದ. ಎಂಟು ತಿಂಗಳಿಂದ ಹತ್ತು ಗಂಟೆಯಾದರೆ ಸಾಕು, ಕೆಲಸಕ್ಕೆ ಹೊರಡುವ ಮುಂಚೆ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಫೈಟಿಂಗ್ ಹಾಕಿಕೊಳ್ಳುತ್ತಿದ್ದ. ಆ ದಿನ ಮಾತ್ರ ಇಯರ್‌ಫೋನ್ ತೆಗೆದ. ಎದ್ದು ಹೋಗಿ ಬಾಗಿಲು ಬಡಿಯಲು ಅಂದುಕೊಂಡಿರಾ? ಮೊಬೈಲನ್ನು ಗೋಡೆಗೆ ಒತ್ತಿ ಹಿಡಿಯಲು.

ಅಯ್ಯೋ ಅನ್ನುವುದು ಚೆನ್ನಾಗಿಯೇ ಬಂತು. ಗೊಂಬೆಯ ಹೊಟ್ಟೆಯಲ್ಲಿ ಕೂರಿಸುವ ಡಬ್ಬಿಯಲ್ಲಿ ಆರು ಸೆಕೆಂಡಿನ ದನಿ ಹಿಡಿಯುತ್ತದೆ. ಅಯ್ಯೋ ಎರಡೇ ಸೆಕೆಂಡು. ಆಮೇಲಿನ ಬಾಲ ಕತ್ತರಿಸಬೇಕಿತ್ತು, ಸೋಮಾರಿ ಕತ್ತರಿಸಲಿಲ್ಲ. ಮೆಲ್ಲಗೆ ತಟ್ಟಿದರೆ ಮೊದಲ ಎರಡು ಸೆಕೆಂಡ್, ಜೋರಾಗಿ ಹೊಡೆದರೆ ಪೂರ್ತಿ ಆರು, ಯಂತ್ರವೇ ಹಾಗಿತ್ತು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವಾಗ ಎಲ್ಲರೂ ಬೆರಳಲ್ಲಿ ತಟ್ಟಿ ನೋಡಿದರು. ಮಕ್ಕಳು ಬೆರಳಲ್ಲಿ ತಟ್ಟುತ್ತವೆಯೇ?

ಟೀಚರಮ್ಮ ಬಿಸಿ ಬೋಂಡದ ಹಾಗೆ ಖರ್ಚಾದಳು. ಎರಡು ವಾರ ಎಲ್ಲ ಸರಿಯಿತ್ತು. ಆಮೇಲೆ ಐದು ವರ್ಷದ ಹುಡುಗಿಯೊಬ್ಬಳು ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಅಣ್ಣನ ಬ್ಯಾಟು ಎತ್ತಿ ಕಪಾಳಕ್ಕೆ ಬೀಸಿದಳು. ಗೊಂಬೆ ಉರುಳುತ್ತ ಹೇಳಿತು: "ಅಯ್ಯೋ! ಸಾಕು ರೀ... ಪಾಪು ಎದ್ದುಬಿಡುತ್ತೆ, ಮೆಲ್ಲಗೆ ಹೊಡೀರಿ..."

ಹುಡುಗಿ ಕಿಲಕಿಲ ನಕ್ಕು ಮತ್ತೆ ಬೀಸಿದಳು. ಅವಳ ಅಮ್ಮ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಸಂಜೆಯೊಳಗೆ ಊರಿನ ಅಷ್ಟೂ ಮೊಬೈಲುಗಳಲ್ಲಿ ಟೀಚರಮ್ಮ ಅಳುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಜನ ಬಂದರು. ಮುಂದೆ ಶಾಲೆಯ ಡ್ರಿಲ್ ಮೇಷ್ಟ್ರು, ಕೊರಳಲ್ಲಿ ಸೀಟಿ. ಹಿಂದೆ ತಂದೆತಾಯಂದಿರು, ಅವರ ಹಿಂದೆ ಮಕ್ಕಳೇ ಇಲ್ಲದವರು, ಅವರ ಕೈಯಲ್ಲೇ ಕಲ್ಲು ಜಾಸ್ತಿ.

"ಯಾವಳನ್ನೋ ಬಡಿದು ರೆಕಾರ್ಡ್ ಮಾಡ್ಕೊಂಡಿದ್ದೀಯ? ಹೇಳೋ ಮುದುಕಾ!"

ಮೊದಲ ಕಲ್ಲಿಗೆ ಅಂಗಡಿಯ ಗಾಜು ಹೋಯಿತು. ಯಜಮಾನರು ಷಟರ್ ಎಳೆಯಲು ಕೈಯೆತ್ತಿದರು, ಯಾರೋ ಆ ಷಟರನ್ನೇ ಅವರ ಭುಜದ ಮೇಲೆ ಇಳಿಸಿದರು. ಕಾಲರ್ ಹಿಡಿದು ಗಾಜಿನ ಚೂರುಗಳ ಮೇಲೆಯೇ ದರದರ ಎಳೆದರು. ಕಪಾಟುಗಳು ಮಕಾಡೆ ಬಿದ್ದವು. ನಲವತ್ತು ಟೀಚರಮ್ಮಂದಿರನ್ನು ಬೀದಿಗೆ ಎಸೆದು ಬೂಟುಗಾಲಲ್ಲಿ ತುಳಿದರು. ತುಳಿದಷ್ಟೂ ಅವು ಕೂಗಿದವು. ಒಂದು "ಸಾಕು ರೀ" ಅಂದರೆ ಇನ್ನೊಂದು "ಮೆಲ್ಲಗೆ ಹೊಡೀರಿ" ಅನ್ನುತ್ತಿತ್ತು. ಬುಡ ದುಂಡಗಿದ್ದ ಪಾಪಕ್ಕೆ ಒದ್ದವರ ಕಾಲ ಬಳಿಯೇ ಮತ್ತೆ ಎದ್ದು ನಿಲ್ಲುತ್ತಿದ್ದವು. ಜನಕ್ಕೆ ರೇಗಿತು. "ಬಾಯಿ ಮುಚ್ಚಿಸ್ರೋ ಇದನ್ನ!" ಎಂದು ಕಲ್ಲು ಎತ್ತಿ ಹಾಕಿದರು.

ಅಷ್ಟರಲ್ಲಿ ಭಾವ ಬಂದ. ಕೈಯಲ್ಲಿ ಬಸ್ಸಿನ ಚಕ್ರ ಬಿಚ್ಚುವ ಸ್ಪ್ಯಾನರ್. ಅವನು ಕೂಗಲಿಲ್ಲ. ಗೊಂಬೆಗಳನ್ನು ಒಂದೊಂದಾಗಿ ಹುಡುಕಿ, ಹೊಟ್ಟೆಗೇ ಗುರಿಯಿಟ್ಟು ಬಡಿದು, ದನಿಯ ಡಬ್ಬಿ ಪುಡಿಯಾಗುವವರೆಗೆ ಬಿಡುತ್ತಿರಲಿಲ್ಲ. "ಅಬ್ಬಾ, ಎಷ್ಟು ಸಿಟ್ಟು ನೋಡು, ಇವನಪ್ಪ ಗಂಡಸು ಅಂದ್ರೆ" ಎಂದಳು ಒಬ್ಬ ಹೆಂಗಸು. ಅದು ಸಿಟ್ಟಲ್ಲ, ಭಯ ಎಂದು ಅಲ್ಲಿ ಡೈಲಾಗು ಒಬ್ಬನಿಗೇ ಗೊತ್ತಿತ್ತು. ಅವನು ಶೆಡ್ಡಿನಲ್ಲಿ ಬಣ್ಣದ ಡಬ್ಬಿಗಳ ಹಿಂದಿದ್ದ.

ಯಜಮಾನರನ್ನು ಶೆಡ್ಡಿಗೆ ತಂದರು. ಅಚ್ಚು ಬೆಳಿಗ್ಗೆಯಿಂದ ಕಾದಿತ್ತು.

"ಯಾರ ದನಿ ಅದು? ಆ ಹೆಣ್ಣುಮಗಳು ಎಲ್ಲಿದ್ದಾಳೆ?" ಡ್ರಿಲ್ ಮೇಷ್ಟ್ರು ಕೇಳಿದರು.

"ಕೇಳೋದೇನು ಮೇಷ್ಟ್ರೇ, ಮುಗಿಸಿ ಈ ಮುದುಕನ್ನ!" ಎಂದ ಭಾವ. ಯಜಮಾನರ ಬಲಗೈ ಹಿಡಿದು ಅಂಗೈಯನ್ನು ಬಿಸಿ ಅಚ್ಚಿನ ಮೇಲೆ ಅದುಮಿದ. ಚರ್ಮ ಚುರ್ ಎಂದಿತು. ಮುದುಕರ ಬಾಯಿಂದ ಬಂದ ದನಿಯನ್ನು ಡೈಲಾಗು ಮೂವತ್ತಲ್ಲ, ಮುನ್ನೂರು ಸಲ ಪ್ರಯತ್ನಿಸಿದರೂ ತೆಗೆಯಲಾರ.

"ನಂಗೊತ್ತಿಲ್ಲಪ್ಪಾ! ನನ್ನ ಮಕ್ಕಳಾಣೆ ಗೊತ್ತಿಲ್ಲ! ದನಿ ತಂದೋನು ಅವನು... ಡೈಲಾಗು!"

ಎಪ್ಪತ್ತು ಮುಖಗಳು ತಿರುಗಿದವು.

ಡೈಲಾಗು ಎದ್ದು ನಿಂತ. ಕೈಗೆ ಸಿಕ್ಕಿದ್ದು ಅಚ್ಚು ತೆರೆಯುವ ಕಬ್ಬಿಣದ ರಾಡು. "ನೀವು ಎಪ್ಪತ್ತು ಜನ ಬಂದಿರೋದು ನನ್ನನ್ನ ಹೊಡಿಯೋಕೆ," ಎಂದ ತಣ್ಣಗೆ, "ಎಣಿಸೋಕೆ ಒಬ್ಬನ್ನ ಉಳಿಸ್ಕೊಳ್ಳಿ." ಮೊದಲು ಬಂದವನ ಮೊಣಕಾಲು ಚಿಪ್ಪು ತೆಂಗಿನಕಾಯಿ ಹಾಗೆ ಹೋಳಾಯಿತು. ಎರಡನೆಯವನು ಬಣ್ಣದ ಡಬ್ಬಿಗೆ ತಲೆ ಕೊಟ್ಟು ಹಳದಿ ರಕ್ತ ಕಾರಿದ. ಡ್ರಿಲ್ ಮೇಷ್ಟ್ರ ಸೀಟಿ ಅವರ ಗಂಟಲಿಗೇ ಇಳಿದು, ಉಸಿರಾಡಿದಾಗೆಲ್ಲ ಪೀಪೀ ಎಂದಿತು. ಕೊನೆಗೆ ಉಳಿದವನು ಭಾವ. ಸ್ಪ್ಯಾನರ್ ಬೀಸಿದ. ಡೈಲಾಗು ಬಗ್ಗಿದ, ರಾಡು ಮೇಲಕ್ಕೆ ಬಂತು, ದವಡೆ ಮುರಿದ ಸದ್ದು ಬೀದಿಗೆ ಕೇಳಿತು. ಎದೆಯ ಮೇಲೆ ಕಾಲಿಟ್ಟು ಡೈಲಾಗು ಎಲ್ಲರಿಗೂ ಕೇಳುವ ಹಾಗೆ ಗುಡುಗಿದ: "ಆ ದನಿ ನಮ್ಮಕ್ಕಂದು! ಹೊಡೆದ ಕೈ ಇದು!"

ಸೀಟಿ ಹೊಡೆಯಿರಿ. ಹೊಡೆಯಿರಿ, ಪರವಾಗಿಲ್ಲ.

ನಾನೂ ಇಲ್ಲಿಗೇ ಪರದೆ ಎಳೆಯುತ್ತಿದ್ದೆ. ಹತ್ತಾರು ಕಡೆ ಎಳೆದೂ ಇದ್ದೇನೆ. ಆದರೆ ರಾಡು ಇರಲಿಲ್ಲ. ಇತ್ತು, ಗೋಡೆಗೆ ಒರಗಿತ್ತು, ನಾನು ಮುಟ್ಟಲಿಲ್ಲ. ಹೌದು, ನಾನು. ಡೈಲಾಗು ಅಂದರೆ ನಾನೇ. ಡಬ್ಬಿಗಳ ಹಿಂದಿನಿಂದ ನನ್ನನ್ನು ಕೂದಲು ಹಿಡಿದು ಎಳೆದರು. ಮೂಗಿಗೆ ಒಂದು ಬಿತ್ತು, ಪಕ್ಕೆಗೆ ಮೂರು. ಕೆಳಗೆ ಬಿದ್ದೆ, ಎತ್ತಿ ನಿಲ್ಲಿಸಿದರು, ಮತ್ತೆ ಹೊಡೆದರು. ಪಕ್ಕದಲ್ಲಿ ಯಜಮಾನರು ಸುಟ್ಟ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಮುಲುಗುತ್ತಿದ್ದರು.

"ಯಾರ ದನಿಯೋ?" ಎಂದರು ಡ್ರಿಲ್ ಮೇಷ್ಟ್ರು.

ಅವರ ಹಿಂದೆ ಭಾವ ನಿಂತಿದ್ದ. ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಶೆಡ್ಡಿನ ಬಾಗಿಲ ಕಡೆ ಜನ ಸ್ವಲ್ಪ ಅಲುಗಾಡಿದರು. "ದಾರಿ ಬಿಡಿ... ಸ್ವಲ್ಪ ದಾರಿ ಬಿಡಿ, ನಾನು ಹೇಳ್ತೀನಿ." ಅಕ್ಕ. ಕಂಕುಳಲ್ಲಿ ಮಗು, ಕಾಲಲ್ಲಿ ಚಪ್ಪಲಿ ಇಲ್ಲ. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಅಂಥ ದಿನಗಳಲ್ಲಿ ಅವಳು ಸೆರಗು ಹೊದೆಯದೆ ಹೊಸ್ತಿಲು ದಾಟಿದವಳಲ್ಲ. ಆ ದಿನ ಹೊದ್ದಿರಲಿಲ್ಲ. ಇನ್ನು ನಾಲ್ಕೇ ಹೆಜ್ಜೆ. ನನಗೆ ಕಂಡದ್ದೇನು ಗೊತ್ತೇ? ಇವಳು ಬಾಯಿ ಬಿಟ್ಟರೆ ಎಂಟು ತಿಂಗಳು ಗೋಡೆಯ ಈ ಕಡೆ ಕೂತಿದ್ದವನು ಯಾರೆಂದು ಎಪ್ಪತ್ತು ಜನಕ್ಕೂ ಗೊತ್ತಾಗುತ್ತದೆ.

"ನಂದೇ ಸಾರ್," ಎಂದೆ. "ಮಿಮಿಕ್ರಿ."

"ಮಾಡು, ನೋಡೋಣ."

ಮಾಡಿದೆ. ಕಾರ್ಖಾನೆಯಲ್ಲಿ ಒಂದು ಸಲವೂ ಬಾರದಿದ್ದದ್ದು ಅವತ್ತು ಬಂತು. ಅಯ್ಯೋ, ಸಾಕು ರೀ, ಪಾಪು ಎದ್ದುಬಿಡುತ್ತೆ. ಉಸಿರು ಸಿಕ್ಕಿಕೊಳ್ಳುವ ಜಾಗದಲ್ಲಿ ಉಸಿರು ಸಿಕ್ಕಿಕೊಂಡಿತು. ಗುಂಪಿನಲ್ಲಿ ಒಬ್ಬ ಫಕ್ಕನೆ ನಕ್ಕ, ಅವನ ಹಿಂದೆ ಹತ್ತು ಜನ.

"ಥೂ, ಗಂಡಸಾ ಇವನು!" ಮೇಷ್ಟ್ರು ಎರಡು ಕಪಾಳಕ್ಕೆ ಬಿಟ್ಟು ಕೂದಲು ಬಿಟ್ಟರು. ಜನ ಕಲ್ಲು ಕೆಳಗೆ ಹಾಕಿ ಕೈ ಒರೆಸಿಕೊಂಡರು.

"ನಮ್ಮ ಬಾಮೈದ ಕಣ್ರೀ! ಕಲಾವಿದ!" ಎಂದು ಭಾವ ನನ್ನ ಹೆಗಲಿಗೆ ಕೈ ಹಾಕಿದ.

ಬಾಗಿಲ ಬಳಿ ಒಬ್ಬ ಹೆಂಗಸು ಅಕ್ಕನನ್ನು ಕೇಳಿದಳು: "ಏನೋ ಹೇಳ್ತೀನಿ ಅಂದ್ಯಲ್ಲಮ್ಮ?"

"ಏನಿಲ್ಲ," ಎಂದಳು. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಗಾಜು ನೋಡಿಕೊಂಡು ಕಾಲಿಡುತ್ತ ಹೊರಟುಹೋದಳು.

ಯಜಮಾನರ ಬೆರಳುಗಳು ಇವತ್ತಿಗೂ ಬಿಚ್ಚುವುದಿಲ್ಲ. ಅಕ್ಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾನು ಬಂದಿದ್ದು ನಿನಗೆ ಕಾಣ್ಲಿಲ್ವೇನೋ?" ಇಲ್ಲಕ್ಕಾ, ಮೂಗಲ್ಲಿ ರಕ್ತ, ಕಣ್ಣು ಮಂಜು, ಏನೂ ಕಾಣಲಿಲ್ಲ ಎಂದೆ. ನಂಬಿದಳು.

ಕಂಡಿತ್ತು. ಅವಳನ್ನು ಕಂಡ ಮೇಲೆಯೇ ನಾನು ಬಾಯಿ ತೆಗೆದದ್ದು.