ಕಿವಿಯಲ್ಲಿ ಹೇಳುವ ಹೆಸರು

ಅರ್ಧ ಊದುವಷ್ಟರಲ್ಲಿ ಉಸಿರು ತೀರಿಹೋಯಿತು. ಸುಬ್ರಾಯ ಬಲೂನಿನ ಬಾಯನ್ನು ಎರಡು ಬೆರಳಲ್ಲಿ ಹಿಸುಕಿ ಹಿಡಿದು, ಸೋಫಾದ ಅಂಚಿಗೆ ಕೂತು, ಎದುರಿನ ಗೋಡೆ ನೋಡತೊಡಗಿದ. ಗೋಡೆ ನೋಡುವವನನ್ನು ಯಾರೂ ಏನೂ ಕೇಳುವುದಿಲ್ಲ ಎನ್ನುವುದು ಅವನು ಈಚೆಗೆ ಕಂಡುಕೊಂಡಿದ್ದ ಉಪಾಯ.

"ಪೋದುಂ ಮಾಮಾ, ವಿಡುಂಗೊ," ಸಾಕು ಬಿಡಿ ಎಂದು ಅಳಿಯ ವಿಘ್ನೇಶ್ ಬಲೂನು ಇಸಿದುಕೊಂಡ. ಅವನ ಮನೆಯವರು ಮೂರು ತಲೆಮಾರಿನಿಂದ ಮದ್ರಾಸಿನವರು. ತಾಯಿಗೆ ಕನ್ನಡ ಸಲೀಸು; ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಬಲೂನಿಗೆ ದಾರ ಸುತ್ತಿ, ಮಗುವಿನ ನಾಮಕರಣಕ್ಕೆ ಸಿಂಗರಿಸಿದ್ದ ತೊಟ್ಟಿಲ ಮೇಲಿನ ಸಾಲಿನಲ್ಲಿ ನಡುವೆ ತೂಗುಬಿಟ್ಟ. ಉಳಿದವೆಲ್ಲ ದುಂಡಗೆ ಬಿಗಿದಿದ್ದವು. ಈ ಹಳದಿಯದು ಮಾತ್ರ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಸಂಜೆಗೆ ಉಳಿದ ಮಾವಿನಹಣ್ಣಿನ ಹಾಗೆ ಮೆತ್ತಗಿತ್ತು.

ಆ ಅರ್ಧ ಉಸಿರೂ ಪುಕ್ಕಟೆ ಬಂದದ್ದಲ್ಲ. ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, ಸ್ಟೀಲ್ ಲೋಟದ ಬಿಸಿನೀರಿಗೆ ಬ್ರಾಂಡಿ ಬೆರೆಸಿ ಕುಡಿದಿದ್ದ. ಬಾಟಲಿ ಇರುವುದು ಉಸಿರಿಗೆ ಔಷಧಿ ಎಳೆದುಕೊಳ್ಳುವ ನೆಬ್ಯುಲೈಸರಿನ ಡಬ್ಬದಲ್ಲಿ. ಕಾಯಿಲೆಯವನ ಡಬ್ಬಕ್ಕೆ ಮನೆಯಲ್ಲಿ ಯಾರೂ ಕೈಹಾಕುವುದಿಲ್ಲ. ತರುವುದು ಮಾತ್ರ ದೂರದ ಪ್ಯಾರೀಸ್ ಕಾರ್ನರಿನಿಂದ. ಮನೆಯಿರುವ ಕೀಲ್ಪಾಕಿನಲ್ಲಿ ಕಂಡವರೆಲ್ಲ ಇವತ್ತಿಗೂ ಅವನಿಗೆ ಬ್ಯಾಂಕಿನ ಮ್ಯಾನೇಜರ್ ಸಾರ್ ಎಂದು ನಮಸ್ಕಾರ ಹಾಕುತ್ತಾರೆ.

ಅವನು ಸಿಗರೇಟು ಬಿಟ್ಟು ವರ್ಷಗಳಾದವು. ಸಿಗರೇಟು ಅವನನ್ನು ಬಿಟ್ಟಿರಲಿಲ್ಲ. ಡಾಕ್ಟರು ಕೊಟ್ಟ ಪಂಪು ಎಳೆದರೆ ಕೈ ನಡುಗುತ್ತದೆ, ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಬ್ರಾಂಡಿ ಇಳಿದರೆ ನಡುಕ ನಿಲ್ಲುತ್ತದೆ. ಉಸಿರೇನೂ ಹೆಚ್ಚುವುದಿಲ್ಲ, ಉಸಿರಿಲ್ಲವೆಂಬ ಹೆದರಿಕೆ ಕಡಿಮೆಯಾಗುತ್ತದೆ. ಅವನಿಗೆ ಎರಡೂ ಒಂದೇ.

"ಕುಡಿಯೋ ಅಭ್ಯಾಸ ಇದೆಯಾ?" ಎಂದು ಡಾಕ್ಟರು ಕೇಳಿದ್ದರು.

"ಯಾವಾಗಾದರೊಮ್ಮೆ. ಸೋಷಿಯಲ್ಲಾಗಿ."

"ನಿಮಗೆ ಅದೂ ಬೇಡ. ನಿದ್ದೇಲಿ ಉಸಿರು ಇನ್ನೂ ತಗ್ಗುತ್ತೆ."

ಆಗಲಿ ಎಂದು ತಲೆಯಾಡಿಸಿ ಬಂದಿದ್ದ. ಬಚ್ಚಲಮನೆಯಲ್ಲಿ ಅದ್ಯಾವ ಸೊಸೈಟಿ ಕೂಡಿತ್ತೋ ದೇವರೇ ಬಲ್ಲ.

"ಬೀಗರೇ, ಇಲ್ಲಿದ್ದೀರಾ!" ವಿಘ್ನೇಶನ ತಾಯಿ ಜಾನಕಮ್ಮ ವೀಳ್ಯದೆಲೆಯ ತಟ್ಟೆ ಹಿಡಿದು ಬಂದರು. "ನಮ್ಮ ಯಜಮಾನ್ರು ಇದ್ದಿದ್ರೆ ಅವ್ರೇ ಹೇಳ್ತಿದ್ರು. ಈಗ ನೀವೇ ಹಿರಿಯರು. ಮಗು ಕಿವೀಲಿ ಹೆಸರು ಮೊದಲು ನಿಮ್ಮ ಬಾಯಿಂದ್ಲೇ ಬೀಳಬೇಕು."

"ನಾನಾ? ನನಗೆ ಕೆಮ್ಮು..."

"ಮೂರು ಸಲ ಕೃತಿ ಅನ್ನೋದಕ್ಕೆ ಏನ್ ಮಹಾ ಕೆಮ್ಮು ಬಿಡಿ!"

ಮಗಳು ರಚನಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಮೂರು ತಿಂಗಳಾಯ್ತಪ್ಪಾ, ಒಂದ್ಸಲಾನೂ ಎತ್ಕೊಂಡಿಲ್ಲ ನೀನು. ಹೆಣ್ಣು ಅಂತ ಬೇಜಾರಾ?"

"ಛೇ, ಏನ್ ಮಾತು ಅಂತ ಆಡ್ತೀಯೇ. ಕೈ ನಡುಗುತ್ತೆ ನನಗೆ."

"ಕೈ ಬೇಡ. ಹತ್ರ ಬಾ, ಸಾಕು."

ಮಗುವೆಂದರೆ ಅವನಿಗೆ ಪ್ರಾಣ. ಅದು ಮಲಗಿರುವಾಗ ಬಾಗಿಲ ಸಂದಿಯಿಂದ ನೋಡುತ್ತಾನೆ. ಪುಟ್ಟ ಎದೆ ಏಳುವುದು ಇಳಿಯುವುದು ನೋಡುತ್ತಾನೆ. ಅಷ್ಟು ಸಲೀಸಾಗಿ ಉಸಿರಾಡುವ ಜೀವದ ಮುಖಕ್ಕೆ ತನ್ನ ಉಸಿರು ತಾಗಬಾರದೆಂದು ದೂರವಿದ್ದ. ಅದನ್ನು ಯಾರಿಗೆ ಹೇಳುವುದು? ಹೇಳಿದರೆ ಡಬ್ಬ ತೆರೆದು ತೋರಿಸಬೇಕಾಗುತ್ತದೆ.

ಪುರೋಹಿತರು ಬಂದರು. ಎದೆ ಬಿಗಿಯತೊಡಗಿತು. ಕುಡಿಯದೆ ಹೋದರೆ ಎಲ್ಲರೆದುರು ಬಾಯಿ ಬಿಟ್ಟುಕೊಂಡು ಏದುತ್ತಾನೆ, ಕುಡಿದು ಹೋದರೆ ಮಗುವಿನ ಮುಖಕ್ಕೇ ವಾಸನೆ. ಅತ್ತ ದರಿ ಇತ್ತ ಪುಲಿ. ಸುಬ್ರಾಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟ. ಈ ಸಲ ಬಿಸಿನೀರಿಗೆ ಕಾಯಲಿಲ್ಲ.

ಹೊರಗೆ ಬಂದಾಗ ಹೆಂಡತಿ ಅಂಬುಜಾ ಬಾಗಿಲಲ್ಲೇ ಇದ್ದಳು.

"ಔಷಧಿ ಆಯ್ತಾ?"

"ಆಯ್ತು."

ಅವಳು ಮುಖ ನೋಡದೆ ಅವನ ಅಂಗೈಗೆ ಏನೋ ಹಾಕಿದಳು. ಏಲಕ್ಕಿ.

"ಇದ್ಯಾಕೆ?"

"ಪಾಯಸಕ್ಕೆ ಹಾಕಿ ಮಿಕ್ಕಿತ್ತು. ಅಗೀರಿ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಹಾಗಾದರೆ ಅವಳಿಗೆ ಗೊತ್ತು. ಎಂದಿನಿಂದಲೋ ಗೊತ್ತು. ಸುಬ್ರಾಯನಿಗೆ ನಾಚಿಕೆಯಾಗಲಿಲ್ಲ, ಅಳು ಬಂತು. ಬಾಟಲಿ ಎತ್ತಿ ಬಿಸಾಕಿ, ಹಾಳಾಗಿ ಹೋಗಿ ಎಂದು ಬೈದಿದ್ದರೆ ಮನೆಯಲ್ಲಿ ಜೊತೆಗೊಬ್ಬರಿದ್ದಾರೆ ಅನಿಸುತ್ತಿತ್ತು. ಏಲಕ್ಕಿ ಬಾಯಿಗೆ ಹಾಕಿಕೊಂಡ.

ಹಜಾರದಲ್ಲಿ ಸಾಂಬ್ರಾಣಿ ಹಾಕಿದ್ದರು. ಹೊಗೆ ಮೂಗಿಗೆ ಬಡಿದದ್ದೇ ತಡ, ಎದೆಯೊಳಗೆ ಶಿಳ್ಳೆ ಶುರುವಾಯಿತು. ರಚನಾ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜಾನಕಮ್ಮ ವೀಳ್ಯದೆಲೆಯನ್ನು ಮಗುವಿನ ಕಿವಿಗೆ ಮರೆಮಾಡಿ ಹಿಡಿದರು. "ಬನ್ನಿ ಬೀಗರೇ. ಮೆಲ್ಲಗೆ ಹೇಳಿ, ಅವಳಿಗೊಬ್ಬಳಿಗೇ ಕೇಳಬೇಕು."

ಸುಬ್ರಾಯ ಬಗ್ಗಿದ. ಹಾಲಿನ ವಾಸನೆ, ಎಣ್ಣೆಯ ವಾಸನೆ. ಮಗು ಕಣ್ಣರಳಿಸಿ ಅವನನ್ನೇ ನೋಡಿತು. ಇಷ್ಟು ಹತ್ತಿರದಿಂದ ಅವನು ಅದನ್ನು ನೋಡಿರಲಿಲ್ಲ. ಹುಬ್ಬು ಥೇಟ್ ಅಂಬುಜಾಳದು.

ಉಸಿರು ಬಿಟ್ಟರೆ ತಾನೇ ಹೆಸರು? ಬಿಟ್ಟರೆ ವಾಸನೆಯೂ ಹೋಗುತ್ತದೆ. ಅವನು ಉಸಿರು ಕಟ್ಟಿದ.

ಎಲೆಯ ಹಿಂದೆ ತುಟಿಗಳನ್ನು ಮೂರು ಸಲ ಆಡಿಸಿದ. ಒಂದು ಸದ್ದೂ ಹೊರಡಲಿಲ್ಲ. ಕಣ್ಣು ಕತ್ತಲೆಗಟ್ಟುವಷ್ಟರಲ್ಲಿ ತಲೆಯೆತ್ತಿ ಪಕ್ಕಕ್ಕೆ ತಿರುಗಿದ.

"ಹೇಳಿದ್ರಾ?"

ಅವನು ಹೌದೆಂದು ತಲೆಯಾಡಿಸಿದ.

"ಕೃತಿ!" ಎಂದು ಜಾನಕಮ್ಮ ಗಟ್ಟಿಯಾಗಿ ಸಾರಿದರು. ಚಪ್ಪಾಳೆ ಬಿತ್ತು. ರಚನಾ ಕಣ್ಣೊರೆಸಿಕೊಂಡು, "ಅವಳಿಗೆ ಕೇಳಿಸ್ತಪ್ಪಾ, ನೋಡು ಹೇಗೆ ನಗ್ತಿದ್ದಾಳೆ," ಎಂದಳು.

ಬಾಗಿಲಿಗೊರಗಿ ಅವನು ಏದಿದ. ಏನೋ ಒಂದು ಗೆದ್ದ ಹಾಗಿತ್ತು. ಸುಳ್ಳು ಹೇಳಿದರೂ ಸರಿ, ತನ್ನ ಉಸಿರು ಮಗುವಿಗೆ ತಾಗಲಿಲ್ಲ.

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದರು. ಹೆಂಗಸರು ಜೋಗುಳ ಎತ್ತಿಕೊಂಡರು, ತೊಟ್ಟಿಲು ತೂಗಿತು. ಆಗ ಅವನ ಕಣ್ಣಿಗೆ ಹಳದಿ ಬಲೂನು ಬಿತ್ತು. ದಾರ ಸಡಿಲವಾಗಿ ಅದು ಮಗುವಿನ ಮುಖದ ನೇರಕ್ಕೆ ಜಾರಿ ಬಂದಿತ್ತು. ಸಣ್ಣಗೆ, ಯಾರಿಗೂ ಕೇಳದ ಹಾಗೆ, ಅವನು ಊದಿದ ಉಸಿರನ್ನು ಬಿಡುತ್ತಿತ್ತು.

"ಅದನ್ನ..." ಎಂದ. ಮುಂದಿನ ಮಾತಿಗೆ ಉಸಿರು ಸಿಗಲಿಲ್ಲ. ಅಂಬುಜಾ ಜೋಗುಳದ ನಡುವೆ ಒಮ್ಮೆ ಅವನತ್ತ ನೋಡಿ, ಏನೂ ಕಾಣದವಳಂತೆ ಮುಖ ತಿರುಗಿಸಿದಳು.

ಬಲೂನು ಸುಕ್ಕಾಗುತ್ತ ಬಂತು. ಅದರ ಕೆಳಗೆ ಮಗು ಬಾಯಿ ತೆರೆದುಕೊಂಡು ನಗುತ್ತಿತ್ತು.